ಮಸಿ ಹತ್ತದ ಮಸಿಬಟ್ಟೆ

ಬಸವನಗುಡಿ, ಬೆಂಗಳೂರು
8 ಫೆಬ್ರವರಿ 1999

ಕಾರ್ಯದರ್ಶಿಯವರು,
ಅಕ್ಕರೆ ಮಹಿಳಾ ಸಂಘ, ತೊರೆಪಾಳ್ಯ, ಮಾಗಡಿ ತಾಲ್ಲೂಕು

ಮಾನ್ಯರೆ,

ನಾನು ಚಾಮರಾಜಪೇಟೆಯ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಕೆಟ್ಟ ಸರಕು ಕೊಂಡು ಸುಮ್ಮನಿರುವ ಅಭ್ಯಾಸ ನನಗಿಲ್ಲ. 1968ರಲ್ಲಿ ಅವೆನ್ಯೂ ರಸ್ತೆಯಲ್ಲಿ ಕೊಂಡ ಪೆನ್ನು ಶಾಯಿ ಕಾರಿದಾಗ ಏಳು ಸಲ ಅಂಗಡಿಯ ಮೆಟ್ಟಿಲು ಹತ್ತಿ ಬದಲಾಯಿಸಿಕೊಂಡು ಬಂದೆ. ಈ ಕಾಗದವನ್ನು ಅದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಹೋದ ತಿಂಗಳು ನಮ್ಮ ಬಡಾವಣೆಯಲ್ಲಿ ಮಹಿಳಾ ಸಂಘಗಳ ಮಾರಾಟ ಮೇಳ ನಡೆಯಿತು. ನನ್ನ ಪತ್ನಿ ಕೋಕಿಲಾ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋಗಿದ್ದಾಳೆ, ಹಾಗಾಗಿ ಅಡಿಗೆಮನೆ ಈಗ ನನ್ನದು. ಒಲೆಯಿಂದ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಸುಟ್ಟುಹೋಗಿತ್ತು. ನಿಮ್ಮ ಮಳಿಗೆಯಲ್ಲಿ ದಪ್ಪಗೆ ಹೊಲಿದ, ಒಂದು ಗೇಣು ಉದ್ದದ ಬಟ್ಟೆಗಳನ್ನು ಕಂಡು, "ಇದು ಮಸಿಬಟ್ಟೆ ತಾನೆ?" ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಆಕೆ ನನ್ನ ಮುಖ ನೋಡದೆ "ಹ್ಞೂಂ ಸಾರ್" ಎಂದಳು. ಆರು ಕೊಂಡೆ.

ಮೆಚ್ಚತಕ್ಕದ್ದನ್ನು ಮೊದಲು ಹೇಳುತ್ತೇನೆ. ಹೊಲಿಗೆ ಗಟ್ಟಿಯಾಗಿದೆ, ಬಣ್ಣ ಬಿಡುವುದಿಲ್ಲ. ಆದರೆ ಬಟ್ಟೆಯ ಎರಡು ಪಕ್ಕಕ್ಕೂ ಕಿವಿಗಳಂತೆ ಏನೋ ಹೊಲಿದಿದ್ದೀರಲ್ಲ, ಅದು ಯಾತಕ್ಕೆ? ಒಂದು ಕಿವಿಗೆ ಟಿಚ್ ಬಟನ್ ಬೇರೆ. ನಿನ್ನೆ ದೇವರ ನೈವೇದ್ಯದ ಪಾಯಸ ಇಳಿಸುವಾಗ ಆ ಬಟನ್ ಕಾದು ಹೆಬ್ಬೆರಳು ಸುಟ್ಟಿತು. ಇನ್ನೂ ದೊಡ್ಡ ದೋಷವಿದೆ. ಇದು ನೀರನ್ನು ವಿಪರೀತ ಕುಡಿಯುತ್ತದೆ. ಒಗೆದು ಒಣಹಾಕಿದರೆ ಅಂಚು ಒಣಗುತ್ತದೆ, ಎರಡು ದಿನವಾದರೂ ನಡುವಿನ ತೇವ ಹೋಗುವುದಿಲ್ಲ. ಮಸಿಬಟ್ಟೆಗೆ ಇಷ್ಟು ಬಾಯಾರಿಕೆ ಏಕೆ?

ಸಾಮಾನ್ಯವಾಗಿ ನಾನು ಬರೆಯುವುದು ಅಂಚೆ ಕಾರ್ಡಿನಲ್ಲಿ. ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ. ದೂರು ಉದ್ದವಾದ್ದರಿಂದ ಈ ಲಕೋಟೆ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ ಪತ್ರಿಕೆಗೆ ಬರೆಯಬೇಕಾಗುತ್ತದೆ.

ಬದರೀನಾರಾಯಣ


ತೊರೆಪಾಳ್ಯ
16 ಫೆಬ್ರವರಿ 1999

ಪೂಜ್ಯ ಮೇಷ್ಟ್ರಿಗೆ,

ಸಂಘದ ಕಾರ್ಯದರ್ಶಿ ರುದ್ರಾಣಿಯ ನಮಸ್ಕಾರಗಳು. ನಿಮ್ಮ ಕಾಗದವನ್ನು ಒಂಬತ್ತು ಜನವೂ ಕೂತು ಮೂರು ಸಲ ಓದಿದೆವು. ಮೂರನೆಯ ಸಲ ಓದುವಾಗ ಪಾರ್ವತಮ್ಮ ಎದ್ದು ಹೊರಗೆ ಹೋಗಬೇಕಾಯಿತು. ಅವರಿಗೆ ತುಂಬಾ ಕೆಮ್ಮು.

ನಿಮ್ಮ ಬೆರಳು ಸುಟ್ಟಿದ್ದಕ್ಕೆ ಕ್ಷಮಿಸಿ. ಆರೂ ಬಟ್ಟೆಗಳನ್ನು ದಯವಿಟ್ಟು ವಾಪಸು ಕಳಿಸಿ, ಬದಲಿಗೆ ಬೇರೆ ಹೊಲಿದು ಕೊಡುತ್ತೇವೆ. ಅಲ್ಲಿಯವರೆಗೆ ನೈವೇದ್ಯದ ಪಾತ್ರೆಗೆ ಮಾತ್ರ ಅವನ್ನು ಬಳಸಬೇಡಿ. ಕಾರಣ ಬರೆಯಲಾರೆ. ಪತ್ರಿಕೆಗಂತೂ ಬರೆಯಲೇಬೇಡಿ, ಕೈ ಮುಗಿದು ಕೇಳುತ್ತೇನೆ.

ನಡುವೆ ತೇವ ಉಳಿಯುತ್ತದೆ ಎಂದಿರಲ್ಲ, ಅದನ್ನು ವಿವರವಾಗಿ ಬರೆಯುತ್ತೀರಾ? ಎಷ್ಟು ಹೊತ್ತು ಬಿಸಿಲು, ಎಷ್ಟು ಹೊತ್ತಿಗೆ ಒಣಗುತ್ತದೆ? ಇಂಥದ್ದನ್ನು ಬಾಯಿಬಿಟ್ಟು ಹೇಳಿದವರು ನಮಗೆ ಇದುವರೆಗೆ ಯಾರೂ ಸಿಕ್ಕಿಲ್ಲ.

ರುದ್ರಾಣಿ


ಬಸವನಗುಡಿ
1 ಮಾರ್ಚ್ 1999

ರುದ್ರಾಣಿ ಅವರಿಗೆ,

ಕಾರಣ ಕೊಡದ ನಿಷೇಧವನ್ನು ನಾನು ಒಪ್ಪುವವನಲ್ಲ. 1975ರಲ್ಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನೈವೇದ್ಯಕ್ಕೆ ಅದನ್ನೇ ಬಳಸುತ್ತಿದ್ದೇನೆ.

ಆದರೆ ನಿಮ್ಮ ಪ್ರಶ್ನೆ ಕಂಡು ಸಂತೋಷವಾಯಿತು. ದೂರಿಗೆ ಪ್ರಶ್ನೆಯಿಂದ ಉತ್ತರಿಸಿದ ಸಂಸ್ಥೆಯನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಆದ್ದರಿಂದ ಪ್ರಯೋಗವನ್ನೇ ಮಾಡಿದೆ. ಒಂದು ಲೋಟ ನೀರು ಕುಡಿಸಿ, ಹಿಂಡಿ, ತಾರಸಿಯ ಹಗ್ಗದ ಮೇಲೆ ಹಾಕಿ ಗಂಟೆಗೊಮ್ಮೆ ಮುಟ್ಟಿ ನೋಡಿದೆ. ಮೇಲ್ಪದರ ಒಣಗಲು ಮೂರು ಗಂಟೆ ಸಾಕಾಯಿತು. ಒಳಪದರಕ್ಕೆ ಮರುದಿನ ಮಧ್ಯಾಹ್ನವಾಯಿತು. ಪಕ್ಕದ ಮನೆಯ ಹೆಂಗಸು ತಮ್ಮ ತಾರಸಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ನಾನು ನಮಸ್ಕಾರ ಹೇಳಿದ್ದಕ್ಕೆ ಅವರು ಸರಸರ ಇಳಿದು ಹೋದರು. ಈಚೆಗೆ ಜನರಿಗೆ ವಿಜ್ಞಾನದಲ್ಲಿ ಆಸಕ್ತಿಯೇ ಇಲ್ಲ.

ಎರಡನ್ನು ಗೆಳೆಯ ಏಕಾಂತಯ್ಯನಿಗೆ ಕೊಟ್ಟೆ. ಕಾಟನ್‌ಪೇಟೆಯಲ್ಲಿ ಅವನದು ಬಟ್ಟೆಯ ಸಗಟು ಅಂಗಡಿ. ಅಂಗಡಿಯ ಕಾಫಿ ಕೆಟಲ್ ಹಿಡಿಯಲು ಭೇಷಾಗಿದೆ ಎಂದ. ಬನಿಯನ್ ಬಟ್ಟೆ ಕತ್ತರಿಸಿ ಉಳಿದ ತುಂಡುಗಳನ್ನು ನಿಮ್ಮ ಸಂಘಕ್ಕೆ ಕಳಿಸಲು ಒಪ್ಪಿದ್ದಾನೆ.

ಇನ್ನೊಂದು ಶುಭ ಸಮಾಚಾರ. ಪತ್ರಿಕೆಗೆ ಬರೆಯಬೇಡಿ ಎಂದಿದ್ದಿರಿ. ದೂರು ಬರೆಯಲಿಲ್ಲ, ಹೊಗಳಿ ಬರೆದಿದ್ದೇನೆ. ಊರು, ಸಂಘ, ನಿಮ್ಮ ಹೆಸರು, ಎಲ್ಲವೂ ಇದೆ. ಮುಂದಿನ ವಾರ ಬರುತ್ತದೆ.

ಬದರೀನಾರಾಯಣ


ತೊರೆಪಾಳ್ಯ
4 ಮಾರ್ಚ್ 1999

ಮೇಷ್ಟ್ರೇ,

ಆ ಕಾಗದ ಅಚ್ಚಾಗಬಾರದು. ಇದು ನಿಮಗೆ ಸಿಕ್ಕಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಪತ್ರಿಕೆಯ ಆಫೀಸಿಗೆ ಹೋಗಿ. ಹೋಗುವ ಮುಂಚೆ ಉಳಿದದ್ದನ್ನು ಓದಿ.

ಅದು ಮಸಿಬಟ್ಟೆ ಅಲ್ಲ. ಹೆಂಗಸರು ತಿಂಗಳ ಮುಟ್ಟಿನಲ್ಲಿ ಬಳಸುವ ಬಟ್ಟೆ. ಆ ಕಿವಿಗಳು ಒಳಉಡುಪಿಗೆ ಸುತ್ತಿ ಬಟನ್ ಹಾಕಿಕೊಳ್ಳುವುದಕ್ಕೆ. ಬಾಯಾರಿಕೆ ಯಾಕೆಂದು ಈಗ ಗೊತ್ತಾಗಿರಬೇಕು.

ನಮ್ಮ ಕಡೆ ಹಳೆ ಸೀರೆಯ ತುಂಡು ಬಳಸಿ, ಒಗೆದು, ಬಚ್ಚಲ ಹಿಂದೆಯೋ ಗೋಣಿಚೀಲದ ಅಡಿಯಲ್ಲೋ ಒಣಗಿಸುತ್ತಾರೆ. ಗಂಡಸರ ಕಣ್ಣಿಗೆ ಬೀಳಬಾರದಲ್ಲ. ಬಿಸಿಲೇ ತಾಗದ ಬಟ್ಟೆಯಿಂದ ನವೆ, ಹುಣ್ಣು, ಸೋಂಕು. ಬಿಸಿಲಿಗೆ ಹಾಕಿ ಎಂದು ನರ್ಸಮ್ಮ ಹೇಳಿ ಹೇಳಿ ಸೋತರು. ಆಗ ನಾವು ಯೋಚನೆ ಮಾಡಿದೆವು: ಎಲ್ಲರ ಎದುರಿಗೇ ಹಗ್ಗದ ಮೇಲಿದ್ದರೂ ಯಾರೂ ತಿರುಗಿ ನೋಡದ ಬಟ್ಟೆ ಯಾವುದು? ಮಸಿಬಟ್ಟೆ! ನೋಡಿದರೆ ಹಾಗೆಯೇ ಕಾಣಬೇಕೆಂದು ಬೇಕೆಂದೇ ಹಾಗೆ ಹೊಲಿದೆವು. ಮಳಿಗೆಯಲ್ಲಿ ಹೆಂಗಸರ ಕಿವಿಯಲ್ಲಷ್ಟೇ ನಿಜ ಹೇಳುತ್ತಿದ್ದಳು ಶಿವಕುಮಾರಿ. ನೀವು ಬಂದು ಕೇಳಿದಾಗ ಅವಳಿಗೆ ನಿಜ ಹೇಳಲಾಗಲಿಲ್ಲ. "ಅಕ್ಕಾ, ಆ ತಾತ ಆರು ತಗೊಂಡ್ಬುಟ್ರು. ನಾನೇನಂತ ಹೇಳ್ಲಿ?" ಎಂದು ಅತ್ತಳು. ಆಮೇಲೆ ನಿಮ್ಮ ದೂರು ಬಂತು. ಜೀವಶಾಸ್ತ್ರದ ಮೇಷ್ಟ್ರೇ ಕಂಡುಹಿಡಿಯಲಿಲ್ಲ ಎಂದರೆ ನಮ್ಮೂರಿನ ಗಂಡಸರು ಕಂಡುಹಿಡಿದಾರೆಯೇ! ನಿಮ್ಮ ಕಾಗದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮಗೆ ಯಾರೂ ಕೊಟ್ಟಿಲ್ಲ.

ಆದರೆ ಹೊಲಿಗೆ ಮೆಷಿನ್ ಎರಡೂ ಇರುವುದು ನನ್ನ ಅತ್ತೆ ಶೈಲಜಮ್ಮನವರ ನಡುಮನೆಯಲ್ಲಿ. ಪಕ್ಕದ ಗೂಡಿನಲ್ಲೇ ಅವರ ಶಿವಪೂಜೆ. ಮಸಿಬಟ್ಟೆ ಹೊಲಿಯುತ್ತೇವೆ ಎಂದು ಹೇಳಿಯೇ ಜಾಗ ಕೇಳಿದ್ದೆ. ನಿಜ ತಿಳಿದ ದಿನ ಮೆಷಿನ್ ಬೀದಿಗೆ ಬರುತ್ತದೆ. ಒಂಬತ್ತು ಜನ ಮತ್ತೆ ಇಟ್ಟಿಗೆ ಗೂಡಿಗೆ ಮಣ್ಣು ಹೊರಬೇಕು. ಪಾರ್ವತಮ್ಮ ಓದು ಬಿಡಿಸಿದ್ದ ಮಗಳನ್ನು ಈ ವರ್ಷವಷ್ಟೇ ಮತ್ತೆ ಶಾಲೆಗೆ ಹಾಕಿದ್ದಾರೆ.

ಕಾರ್ಡಿನಲ್ಲಿ ಬರೆಯುವುದೇ ಅಭ್ಯಾಸ ಎಂದಿದ್ದಿರಿ, ನಮಗೆ ಮಾತ್ರ ಕಾರ್ಡು ಬೇಡ. ಅತ್ತೆಗೆ ಓದು ಬಾರದು. ಪೋಸ್ಟ್‌ಮ್ಯಾನ್ ಶ್ರೀನಿವಾಸಯ್ಯನವರು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳುತ್ತಾರೆ. ಲಕೋಟೆಯಲ್ಲಿ ಹಾಕಿ, ಅಂಟಿಸಿ.

ರುದ್ರಾಣಿ


ಬಸವನಗುಡಿ
30 ಮಾರ್ಚ್ 1999

ರುದ್ರಾಣಿಯಮ್ಮನವರಿಗೆ,

ಲಕೋಟೆಯಲ್ಲೇ ಕಳಿಸುತ್ತೇನೆ, ಅಂಟಿಸಿ ಮೇಲೆ ಸೆಲೊಟೇಪು ಕೂಡ ಹಾಕುತ್ತೇನೆ.

ನಿಮ್ಮ ಕಾಗದ ತಲುಪಿದ ದಿನವೇ ಎರಡು ಬಸ್ಸು ಬದಲಾಯಿಸಿ ಪತ್ರಿಕೆಯ ಕಚೇರಿಗೆ ಹೋದೆ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕಾಗದ ಏಕೆ ಹಾಕಲಿಲ್ಲ ಎಂದು ಕೇಳಲು ಹೋಗುತ್ತಿದ್ದವನು, ಮೊದಲ ಬಾರಿಗೆ ಹಾಕಬೇಡಿ ಎಂದು ಕೇಳಿದೆ. ಉಪಸಂಪಾದಕರು ಎದ್ದು ನಿಂತು, "ಸಾರ್, ಹುಷಾರಾಗಿದೀರಾ? ಕೂತ್ಕೊಳ್ಳಿ, ನೀರು ತರಿಸ್ತೀನಿ" ಎಂದರು. ಕಾಗದ ಹಿಂದಕ್ಕೆ ಬಂತು. ಹರಿದುಹಾಕಿದೆ.

ಉತ್ತರಿಸಲು ಇಷ್ಟು ದಿನ ಏಕಾಯಿತೆಂದು ಕೇಳಬಹುದು. ಹೇಳಲು ನಾಚಿಕೆ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಒಂದು ಪಾಠವಿತ್ತು. ಪ್ರತಿವರ್ಷ ಅದು ಬಂದಾಗ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಹೇಳಿ ಮುಂದಿನ ಪಾಠಕ್ಕೆ ಹಾರುತ್ತಿದ್ದೆ. ಮೂವತ್ತೊಂದು ವರ್ಷ ಹಾರಿದೆ. ಕಾರ್ಪೊರೇಷನ್ ಒಂದು ಚರಂಡಿ ಮುಚ್ಚದಿದ್ದರೆ ಹದಿನಾಲ್ಕು ಕಾಗದ ಬರೆದವನು ನಾನು.

ನಮ್ಮ ಮನೆಯ ಹಿಂದೆಯೂ ಒಂದು ಗೋಣಿಚೀಲವಿತ್ತು. 1951ರಲ್ಲಿ ನನ್ನ ಅಕ್ಕ ಸರ್ವಮಂಗಳಾ ತಿಂಗಳಿಗೆ ಮೂರು ದಿನ ಹಿತ್ತಿಲ ಚಾವಡಿಯಲ್ಲಿ ಕೂರುತ್ತಿದ್ದಳು. ತಟ್ಟೆಯನ್ನು ದೂರದಿಂದ ತಳ್ಳಿ ಬರುವುದು ನನ್ನ ಕೆಲಸ. ಒಮ್ಮೆ ಆಟದಲ್ಲಿ ಆ ಗೋಣಿ ಎತ್ತಿ, "ಅಕ್ಕಾ, ಇದರಡಿ ಏನೇ?" ಎಂದೆ. ಅವಳು ಅಳುತ್ತ ಓಡಿಬಂದು ನನ್ನ ಕೈಯಿಂದ ಗೋಣಿ ಕಿತ್ತುಕೊಂಡಳು. ಏನು ತಪ್ಪು ಮಾಡಿ ಅವಳಿಗೆ ಆ ಶಿಕ್ಷೆ ಎಂದು ಬಹಳ ದಿನ ಯೋಚಿಸಿದ್ದೆ. ಯಾರನ್ನೂ ಕೇಳಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಮಲ್ಲೇಶ್ವರಕ್ಕೆ ಹೋಗಿ ಅವಳನ್ನೇ ಕೇಳಿದೆ. ಅವಳಿಗೀಗ ಅರವತ್ತೆರಡು. "ಈಗ ಬುದ್ಧಿ ಬಂತೇನೋ ಬದರಿ?" ಎಂದು ತಲೆಗೆ ಮೊಟಕಿ ಕಾಫಿ ಕೊಟ್ಟಳು.

ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ನಿಮ್ಮ ಶರಣರು ಎಂಟುನೂರು ವರ್ಷದ ಹಿಂದೆಯೇ ಮುಟ್ಟಿನ ಸೂತಕವನ್ನು ಒಪ್ಪಲಿಲ್ಲ. ಹೀಗಿರುವಾಗ ಪೂಜೆಯ ಗೂಡಿನ ಭಯ ನಿಮಗೇಕೆ?

ಬದರೀನಾರಾಯಣ

ಇದರಲ್ಲೇ ಸೇರಿಸಿ ಬರೆಯುತ್ತಿದ್ದೇನೆ, ನಾನು ಕೋಕಿಲಾ. ಮೈಸೂರಿಂದ ಬಂದು ಅಡಿಗೆಮನೆಗೆ ಕಾಲಿಟ್ಟೆ. ಗೂಟದಲ್ಲಿ ಸಾಲಾಗಿ ನಾಲ್ಕು ನೇತಾಡುತ್ತಿದ್ದವು. ನಕ್ಕು ನಕ್ಕು ನೆಲದ ಮೇಲೇ ಕೂತುಬಿಟ್ಟೆ. ಪಕ್ಕದ ಮನೆಯವರು ಏಕೆ ಓಡಿಹೋದರು ಎಂದು ನಮ್ಮವರಿಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.


ತೊರೆಪಾಳ್ಯ
11 ಏಪ್ರಿಲ್ 1999

ಮೇಷ್ಟ್ರಿಗೆ, ಕೋಕಿಲಮ್ಮನವರಿಗೆ ನಮಸ್ಕಾರ.

ನಿಮ್ಮ ತಕರಾರಿಗೆ ಉತ್ತರ ಇದು. ಸೂತಕ ನಮ್ಮ ಮಾತಿನಲ್ಲಿಲ್ಲ, ಬಟ್ಟೆ ಒಣಹಾಕುವ ಜಾಗದಲ್ಲಿದೆ.

ಏಕಾಂತಯ್ಯನವರ ಮೂಟೆ ಬಸ್ಸಿನ ಮೇಲೆ ಬಂದು ತಲುಪಿತು. ಬನಿಯನ್ ಬಟ್ಟೆ ಮೆತ್ತಗಿದೆ, ಎಲ್ಲರಿಗೂ ಹಿಡಿಸಿತು. ಆದರೆ ನಡುವಿನ ತೇವದ ತೊಂದರೆ ಇನ್ನೂ ಹೋಗಿಲ್ಲ. ನಿಮ್ಮ ಹಾಗೆ ಗಂಟೆಗೊಮ್ಮೆ ಮುಟ್ಟಿ ನೋಡಿದೆವು, ಲೆಕ್ಕ ನೀವು ಹೇಳಿದಂತೆಯೇ ಬಂತು. ಮಳೆಗಾಲಕ್ಕೆ ಮುಂಚೆ ಏನಾದರೂ ಹೊಳೆದರೆ ತಿಳಿಸಿ. ಅತ್ತೆ ಮೊನ್ನೆ ಹಗ್ಗದ ಹತ್ತಿರ ತುಂಬಾ ಹೊತ್ತು ನಿಂತಿದ್ದರು. ಏನೂ ಕೇಳದೆ ಒಳಗೆ ಹೋದರು.

ರುದ್ರಾಣಿ


(ಅಂಚೆ ಕಾರ್ಡು)
ಬಸವನಗುಡಿ, 12 ಜೂನ್ 1999

ರುದ್ರಾಣಿಯಮ್ಮನವರಿಗೆ, ಕೇರಾಫ್ ಶೈಲಜಮ್ಮನವರು, ತೊರೆಪಾಳ್ಯ

ಹೊಳೆಯಿತು! ನನಗಲ್ಲ, ಕೋಕಿಲಾಗೆ. "ನಿಮ್ಮ ಪಂಚೆನ ಮಡಿಸಿಟ್ಟ ಹಾಗೇ ಒಣಹಾಕ್ತೀರಾ?" ಎಂದಳು. ಮುಟ್ಟಿನ ಬಟ್ಟೆಯನ್ನು ದಿಂಬಿನಂತೆ ಮುಚ್ಚಿ ಹೊಲಿಯುವುದೇ ತಪ್ಪು. ತೆಳುವಾದ ಅಗಲ ಬಟ್ಟೆ ಇರಲಿ. ಬಳಸುವಾಗ ನಾಲ್ಕು ಮಡಿಕೆ ಮಾಡಬೇಕು, ಒಗೆದ ಮೇಲೆ ಬಿಡಿಸಿ ಒಣಹಾಕಬೇಕು. ಒಂದು ಮಧ್ಯಾಹ್ನದ ಬಿಸಿಲು ಸಾಕು. ರಕ್ತದ ಕಲೆಗೆ ಬಿಸಿನೀರು ಬೇಡ, ತಣ್ಣೀರೇ ಸರಿ. ಚಿತ್ರ ಕೆಳಗಿದೆ. ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಓಡುತ್ತಿದ್ದೇನೆ.

ಬ. ನಾ.


ಬಸವನಗುಡಿ
3 ಜುಲೈ 1999

ರುದ್ರಾಣಿಯಮ್ಮನವರಿಗೆ,

ಉತ್ತರವಿಲ್ಲ. ಕಾರ್ಡು ಹಾಕಿ ಮೂರು ದಿನವಾದ ಮೇಲೆ ಕೋಕಿಲಾ ಕೇಳಿದಳು: "ಲಕೋಟೆಲಿ ತಾನೆ ಹಾಕಿದ್ದು?" ಆ ಕ್ಷಣದಿಂದ ನನಗೆ ಊಟ ಸೇರುತ್ತಿಲ್ಲ. ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ ಎಂದು ಜಂಭ ಪಟ್ಟಿದ್ದೆ. ಇನ್ನೊಬ್ಬರದನ್ನು ಮುಚ್ಚಿಡಬೇಕಾಗಿ ಬಂದಾಗ ಆಗಲಿಲ್ಲ.

ಮೆಷಿನ್‌ಗಳು ಎಲ್ಲಿವೆ? ಬೀದಿಯಲ್ಲಿದ್ದರೆ ಹೇಳಿ. ನಮ್ಮ ಮುಂಭಾಗದ ಕೋಣೆ ಖಾಲಿ ಮಾಡಿಸಿದ್ದೇನೆ. ದೂರವೆಂದು ಗೊತ್ತು, ಆದರೂ ಮಾಡಿಸಿದ್ದೇನೆ. ಅತ್ತೆಯವರ ಕಾಲು ಹಿಡಿಯಲು ಬರಲೇ?

ಬದರೀನಾರಾಯಣ


ತೊರೆಪಾಳ್ಯ
1 ಆಗಸ್ಟ್ 1999

ಮೇಷ್ಟ್ರೇ,

ಮೊದಲ ಹದಿನೈದು ದಿನ ನಿಮ್ಮ ಮೇಲಿನ ಕೋಪಕ್ಕೆ ಬರೆಯಲಿಲ್ಲ. ಆಮೇಲೆ ಪುರುಸೊತ್ತಿಲ್ಲದೆ ಬರೆಯಲಿಲ್ಲ. ಊಟ ಮಾಡಿ, ಆಮೇಲೆ ಓದಿ.

ಕಾರ್ಡು ಬಂದ ದಿನ ನಾನು ದಾರ ತರಲು ಮಾಗಡಿಗೆ ಹೋಗಿದ್ದೆ. ಅತ್ತೆ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಜೊತೆಗೆ ಐದಾರು ಹೆಂಗಸರಿದ್ದರು. ಶ್ರೀನಿವಾಸಯ್ಯನವರು ಎಂದಿನಂತೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಶುರುಮಾಡಿದರಂತೆ. ಪಂಚೆಯವರೆಗೂ ಸರಾಗವಾಗಿ ಓದಿದರು. ಮುಂದಿನ ಸಾಲಿಗೆ ಬಂದು ನಿಂತರು. ಮುಖ ಕೆಂಪಗಾಯಿತಂತೆ. "ಅಮ್ಮಾ, ಅಕ್ಷರ ಸರಿಯಾಗಿ ಕಾಣ್ತಿಲ್ಲ" ಎಂದರು.

"ಬೆಂಗಳೂರ್ ಮೇಷ್ಟ್ರ ಅಕ್ಷರ ಮುತ್ತಿನಂಗೈತೆ ಅಂತಿದ್ದೆ ಹ್ವಾದ ಸಲ ಲಕೋಟೆ ನೋಡಿ. ನಿಲ್ಲಿಸ್ಬ್ಯಾಡ, ಓದಪ್ಪಾ" ಎಂದರಂತೆ ಅತ್ತೆ.

ಅವರು ಓದಿದರು. ತಣ್ಣೀರಿನವರೆಗೂ ಓದಿ, ಚಿತ್ರ ತೋರಿಸದೆ ಕಾರ್ಡನ್ನು ಜಗಲಿಯ ಮೇಲೆ ಬೋರಲಾಗಿಟ್ಟು, ಸೈಕಲ್ ಅಲ್ಲೇ ಬಿಟ್ಟು ನಡೆದುಹೋದರು.

ನಾನು ಸಂಜೆ ಬಂದಾಗ ಬಾಗಿಲಲ್ಲಿ ಆ ಸೈಕಲ್ ಇತ್ತು. ಒಳಗೆ ಮೆಷಿನ್ ಸದ್ದಿಲ್ಲ. ನಡುಮನೆಯಲ್ಲಿ ಅತ್ತೆ ಒಬ್ಬರೇ ಕೂತಿದ್ದರು, ಮಡಿಲಲ್ಲಿ ನಮ್ಮ ಬಟ್ಟೆ. ಚೀಲ ಕೆಳಗಿಡದೆ ಹಾಗೇ ನಿಂತೆ.

"ಅತ್ತೆ, ತಪ್ಪಾಯ್ತು. ಮಸಿಬಟ್ಟೆ ಅಂತ ಸುಳ್ಳು ಹೇಳ್ಬಿಟ್ಟೆ" ಎಂದೆ.

"ಯಾರಿಗ್ ಹೇಳ್ದೆ?" ಎಂದರು. "ಎಲ್ಡು ವರ್ಷದಿಂದ ಹಗ್ಗದ ಮ್ಯಾಲೆ ಮಸಿಬಟ್ಟೆ. ಒಂದು ದಿನಕ್ಕಾದ್ರೂ ಒಂದು ಚುಕ್ಕೆ ಮಸಿ ಹತ್ತಿತ್ತೇನೆ ಅದುಕ್ಕೆ? ನಲವತ್ತು ವರ್ಷ ಸೌದೆ ಒಲೆ ಊದ್ದೋಳು ಕಣೆ ನಾನು. ಮಸಿ ಹತ್ತದ ಮಸಿಬಟ್ಟೆ ಮಾಡಿದೀರಿ, ಅಷ್ಟೂ ಗ್ಯಾನ ಬ್ಯಾಡ್ವಾ ನಿಮಗೆ?"

ಮೇಷ್ಟ್ರೇ, ಒಂಬತ್ತು ಜನಕ್ಕೂ ಅದು ಹೊಳೆದಿರಲಿಲ್ಲ. ನಿಮಗೂ ಹೊಳೆದಿರಲಿಲ್ಲ.

ಮೊದಲ ವಾರದಿಂದಲೂ ಅತ್ತೆಗೆ ಗೊತ್ತಿತ್ತು. ಮಧ್ಯಾಹ್ನ ನಾವು ಊಟಕ್ಕೆ ಕೂತಾಗ ಹಗ್ಗದ ಮೇಲಿದ್ದುದನ್ನು ಮಗುಚಿ ಹಾಕುತ್ತಿದ್ದವರು ಅವರೇ. ಮೋಡ ಬಂದರೆ ಒಳಗೆ ತಂದಿಡುತ್ತಿದ್ದವರೂ ಅವರೇ. ನಾನು ಪಾರ್ವತಮ್ಮ ಎಂದುಕೊಂಡಿದ್ದೆ, ಪಾರ್ವತಮ್ಮ ನಾನು ಎಂದುಕೊಂಡಿದ್ದರು. "ಮತ್ತೆ ಯಾಕೆ ಹೇಳಲಿಲ್ಲ ಅತ್ತೆ?" ಎಂದು ಕೇಳಿದೆ. "ಊರೋರು ಕೇಳುದ್ರೆ ನಂಗ್ ಗೊತ್ತಿಲ್ಲ ಅನ್ನಕ್ಕೆ ಒಬ್ರಾದ್ರೂ ಬ್ಯಾಡ್ವಾ?" ಎಂದರು. ನಾನು ಪೂಜೆಯ ಗೂಡು ತೋರಿಸಿದ್ದಕ್ಕೆ ಕೊರಳಲ್ಲಿದ್ದ ಲಿಂಗದ ಕರಡಿಗೆ ಹಿಡಿದು, "ಇದು ಎದೆ ಮ್ಯಾಲೈತೆ. ಆ ಮೂರು ದಿನ ಇದನ್ನೇನು ಗೂಟಕ್ಕೆ ನೇತು ಹಾಕ್ತಿದ್ನಾ?" ಎಂದರು. ನಿಮ್ಮ ಎಂಟುನೂರು ವರ್ಷದ ಮಾತನ್ನು ಅವರು ಪುಸ್ತಕವಿಲ್ಲದೆ ಹೇಳಿದರು.

ಮರುದಿನ ಬೆಳಿಗ್ಗೆ ಸೈಕಲ್ ಒಯ್ಯಲು ಶ್ರೀನಿವಾಸಯ್ಯನವರು ಬರಲಿಲ್ಲ, ಅವರ ಹೆಂಡತಿ ಬಂದರು. ಇಬ್ಬರು ಹೆಣ್ಣುಮಕ್ಕಳಿಗೆ ಎಂದು ಕೇಳಿ ಹನ್ನೆರಡು ಒಯ್ದರು. ಜಗಲಿಯಲ್ಲಿ ಕೇಳಿಸಿಕೊಂಡ ಹೆಂಗಸರು ಅವರವರ ತವರಿಗೆಲ್ಲ ಹೇಳಿದ್ದಾರೆ. ಮೂರು ಊರಿನಿಂದ ಜನ ಬರುತ್ತಿದ್ದಾರೆ. ಮೂರನೆಯ ಮೆಷಿನ್‌ಗೆ ಅತ್ತೆಯೇ ತಮ್ಮ ಮಂಚ ಎತ್ತಿಸಿ ಜಾಗ ಮಾಡಿಕೊಟ್ಟರು. ಶಿವಕುಮಾರಿ ಈಗ ಸಂತೆಯಲ್ಲಿ ಗಟ್ಟಿಯಾಗಿ ಹೇಳಿ ಮಾರುತ್ತಾಳೆ. ತಾತಂದಿರಿಗೂ ಹೇಳುತ್ತಾಳೆ.

ನಿಮ್ಮ ಚಿತ್ರದಂತೆ ಹೊಲಿದರೆ ನಡೆಯುವಾಗ ಮಡಿಕೆ ಜಾರುತ್ತದೆ. ಅದನ್ನು ಗಂಡಸರು ಯೋಚಿಸುವುದಿಲ್ಲ. ಪಾರ್ವತಮ್ಮ ಕಿವಿಗಳನ್ನು ಒಂದು ಪಟ್ಟಿಗೆ ಹೊಲಿದು, ಮಡಿಸಿದ ಬಟ್ಟೆಯನ್ನು ಅದರೊಳಗೆ ಸಿಕ್ಕಿಸುವಂತೆ ಮಾಡಿದ್ದಾರೆ. ಬಿಡಿಸಿ ಹಾಕಿದರೆ ಮಧ್ಯಾಹ್ನಕ್ಕೆ ಗರಿಗರಿಯಾಗಿ ಒಣಗುತ್ತದೆ. ಮಸಿಬಟ್ಟೆಯಂತೆ ಕಾಣುವುದಿಲ್ಲ. ಕಾಣುವುದೂ ಬೇಡವೆಂದು ಅತ್ತೆ ಹಗ್ಗವನ್ನು ಹಿತ್ತಿಲಿನಿಂದ ಬಿಚ್ಚಿಸಿ ಮುಂಬಾಗಿಲಲ್ಲಿ ಕಟ್ಟಿಸಿದ್ದಾರೆ. ಬಿಸಿಲು ಅಲ್ಲೇ ಜಾಸ್ತಿಯಂತೆ.

ಗೌರಿ ಹಬ್ಬಕ್ಕೆ ನಿಮಗೊಂದು ಉಡುಗೊರೆ ಕಳಿಸಿದ್ದೇವೆ: ಎರಡು ನಿಜವಾದ ಮಸಿಬಟ್ಟೆ. ಅತ್ತೆ ಕೈಯಲ್ಲೇ ಹೊಲಿದದ್ದು. ಕಿವಿ ಇಲ್ಲ, ಬಟನ್ ಇಲ್ಲ. ನೈವೇದ್ಯಕ್ಕೆ ಇವನ್ನು ಧಾರಾಳವಾಗಿ ಬಳಸಿ.

ರುದ್ರಾಣಿ


ಬಸವನಗುಡಿ
15 ಸೆಪ್ಟೆಂಬರ್ 1999

ರುದ್ರಾಣಿಗೆ, ಶೈಲಜಮ್ಮನವರಿಗೆ, ಸಂಘದ ಎಲ್ಲರಿಗೂ,

ನಿಮ್ಮ ಕಾಗದವನ್ನು ಕೋಕಿಲಾ ಓದಿದಳು, ನಾನು ಕೇಳಿದೆ. ನನಗೆ ಕನ್ನಡಕ ಮಂಜಾಗಿತ್ತು. ಆಮೇಲೆ ಅಕ್ಕ ಸರ್ವಮಂಗಳಾ ಬಂದಾಗ ಇನ್ನೊಮ್ಮೆ ಓದಿಸಿದೆವು. "ನಿಲ್ಲಿಸ್ಬ್ಯಾಡ, ಓದಪ್ಪಾ" ಎಂಬಲ್ಲಿ ಅವಳು ಚಪ್ಪಾಳೆ ತಟ್ಟಿದಳು. ತೊರೆಪಾಳ್ಯಕ್ಕೆ ಯಾವ ಬಸ್ಸು ಎಂದು ಕೇಳುತ್ತಿದ್ದಾಳೆ. ಅವಳು ಬಂದೇ ಬರುತ್ತಾಳೆ, ಎಚ್ಚರಿಕೆಯಿಂದಿರಿ.

ಹೋದ ವಾರ ಹಳೆಯ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕಾಡಿ ಒಂದು ಪೀರಿಯಡ್ ಕೇಳಿ ಪಡೆದೆ. ಹತ್ತನೆಯ ತರಗತಿ, ಆ ಪಾಠ. ಮೊದಲು ಎರಡು ಸಲ ಕನ್ನಡಕ ಒರೆಸಿಕೊಂಡೆ. ಶ್ರೀನಿವಾಸಯ್ಯನವರನ್ನು ನೆನೆದು ಮುಂದುವರಿಸಿದೆ. ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಇಷ್ಟೇನಾ ಸಾರ್? ಇದಕ್ಕಾ ನಮ್ಮಮ್ಮನ ಕಾಲದಲ್ಲಿ ಮನೇಲಿ ಓದ್ಕೊಳ್ಳಿ ಅಂತಿದ್ದಿದ್ದು?" ಎಂದಳು. ಅವಳ ತಾಯಿ ನನ್ನ ವಿದ್ಯಾರ್ಥಿನಿಯಂತೆ. ಹೌದು, ಇಷ್ಟೇ ಎಂದೆ.

ಪತ್ರಿಕೆಗೆ ಮತ್ತೆ ಬರೆಯುವ ಆಸೆಯಿದೆ. ಈ ಸಲ ಕರಡನ್ನು ನಿಮಗೇ ಕಳಿಸುತ್ತೇನೆ. ಜಗಲಿಯಲ್ಲಿ ಓದಿಸಿ, ಹಾಕಬಹುದೆಂದು ಶೈಲಜಮ್ಮನವರು ಹೇಳಿದರೆ ಮಾತ್ರ ಹಾಕುತ್ತೇನೆ.

ಇನ್ನು ಉಡುಗೊರೆಯ ವಿಷಯ. ಸತ್ಯ ಹೇಳಲೇಬೇಕು. ಮೊನ್ನೆ ಗಣೇಶನ ಹಬ್ಬದ ದಿನ ಕಡುಬಿನ ಪಾತ್ರೆ ಇಳಿಸಲು ನಿಮ್ಮ ಹೊಸ ಮಸಿಬಟ್ಟೆ ಹಿಡಿದೆ. ಬಟ್ಟೆ ತೆಳು, ಒಂದೇ ಪದರ, ಹಬೆ ತಡೆಯುವುದಿಲ್ಲ. ಎರಡು ಬೆರಳಿಗೆ ಬೊಬ್ಬೆ ಬಂದಿದೆ. ಇಷ್ಟು ಒಳ್ಳೆಯ ಸಂಘದಿಂದ ಇಂಥ ಸರಕನ್ನು ನಿರೀಕ್ಷಿಸಿರಲಿಲ್ಲ.

ಆದ್ದರಿಂದ ಗೂಟದಲ್ಲಿದ್ದ ಹಳೆಯದನ್ನೇ ತೆಗೆದುಕೊಂಡೆ. ಕೋಕಿಲಾ ಪಕ್ಕದಲ್ಲೇ ನಿಂತಿದ್ದಳು. "ಅದ್ರಲ್ಲೇ ಇಳಿಸಿ, ಬಟನ್ ಮಾತ್ರ ಹೊರಗಡೆ ಇರ್ಲಿ" ಎಂದಳು. ಇಳಿಸಿದೆ. ಬೆರಳು ಸುಡಲಿಲ್ಲ. ಗಣೇಶನ ಮುಂದಿಟ್ಟೆವು. ಕಡುಬು ಈ ವರ್ಷ ಬಹಳ ಚೆನ್ನಾಗಿತ್ತು.

ಬದರೀನಾರಾಯಣ